ಇದು ಯಾವ ಬಣ್ಣ, ಅಕ್ಕೋರೆ?

ಕಳೆದ ಜುಲೈನಲ್ಲಿ ನನ್ನದೊಂದು ಅರ್ಜಿ ವಾಪಸು ಬಂತು. ಶಿರಸಿಯಲ್ಲಿ ಮೂರು ದಿನಗಳಿಂದ ಬಿಡದೆ ಹೊಯ್ಯುತ್ತಿದ್ದ ಮಳೆ; ಕಚೇರಿಯ ಬಾಗಿಲ ಬಳಿ ನೀರಿಳಿಸುತ್ತಿದ್ದ ಕೊಡೆಗಳ ರಾಶಿ, ಒಳಗೆಲ್ಲ ಒಣಗದ ಬಟ್ಟೆಯ ವಾಸನೆ. ಮುಕ್ಕಾಲು ಗಂಟೆ ಸರತಿಯಲ್ಲಿ ನಿಂತು ಕೌಂಟರಿಗೆ ತಲುಪಿದೆ. ಅಲ್ಲಿದ್ದವರು ನಾಲ್ಕೂ ಪುಟ ತಿರುವಿ, ಲಗತ್ತಿಸಿದ್ದ ನಕಲುಗಳನ್ನು ಎಣಿಸಿ, ಎಲ್ಲ ಸರಿಯಿದೆ ಎಂಬಂತೆ ತಲೆಯಾಡಿಸುತ್ತಲೇ ಬಂದು ಕೊನೆಯ ಪುಟದ ಸಹಿಯ ಮೇಲೆ ಬೆರಳಿಟ್ಟು ನಿಲ್ಲಿಸಿಬಿಟ್ಟರು. “ಇದು ಯಾವ ಬಣ್ಣ, ಅಕ್ಕೋರೆ?”

ಉತ್ತರ ಹೇಳಲು ಬಾಯಿ ತೆರೆದೆ, ಹೆಸರೇ ಬರಲಿಲ್ಲ. ‘ಕಂದು’ ಪಠ್ಯಪುಸ್ತಕದ ಶಬ್ದ. ತರಗತಿಯ ಹೊರಗೆ ನಾನದನ್ನು ಆಡಿದ ನೆನಪಿಲ್ಲ. ಬ್ರೌನ್ ಎನ್ನೋಣವೆಂದರೆ ಅದು ಬೂಟಿನ ಬಣ್ಣ. ಕಾಫಿ ಬಣ್ಣ ಎಂದರೆ ಸೀರೆಯ ಅಂಗಡಿಯಲ್ಲಿ ನಡೆದೀತು, ಆದರೆ ನನ್ನ ಸಹಿಯಲ್ಲಿ ಕಾಫಿಗಿಂತ ಕೆಂಪು ಹೆಚ್ಚಿತ್ತು. ನನ್ನ ತಡವರಿಕೆ ನೋಡಿ ಅವರೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, “ಚೊಗರಿನ ಹಾಗಿದೆಯಲ್ಲ” ಎಂದರು, ಅಡಿಕೆ ಬೇಯಿಸಿದ ಕೆಂಪು ನೀರಿನ ಹಾಗೆ. ಅಂದ ಮೇಲೆ, ಅದು ಆ ಕುರ್ಚಿಯಲ್ಲಿ ಕುಳಿತು ಆಡುವ ಮಾತಲ್ಲವೆಂದು ಹೊಳೆಯಿತೋ ಏನೋ, ಸ್ವರ ಬದಲಾಯಿತು. ಸಹಿ ನೀಲಿ ಇಲ್ಲವೇ ಕಪ್ಪು ಶಾಯಿಯಲ್ಲಿ ಇರಬೇಕು, ಇದು ಸ್ಕ್ಯಾನ್ ಮಾಡಿದರೆ ತೆಳುವಾಗಿ ಬರುತ್ತದೆ, ಹೊಸ ಫಾರ್ಮಿನಲ್ಲಿ ಬರೆದು ತನ್ನಿ.

ಅರ್ಜಿ ಮರಳಿದ್ದಕ್ಕೆ ನನಗೆ ಬೇಸರವಾಗಲಿಲ್ಲ. ಆರು ವರ್ಷಗಳಿಂದ ಶಾಯಿಯ ಬಾಟಲಿಯ ಮೇಲೆ ಬಾಟಲಿ ಕೊಂಡು ನಾನು ಯಾವ ಬಣ್ಣವನ್ನು ಹುಡುಕುತ್ತಿದ್ದೆನೋ ಅದರ ಹೆಸರನ್ನು, ನನಗೇ ಹೊಳೆಯದಿದ್ದ ಹೆಸರನ್ನು, ಅವರು ಒಂದು ಕಣ್ಣು ಹಾಯಿಸಿ ಹೇಳಿಬಿಟ್ಟಿದ್ದರು. ಹಾಗಾದರೆ ಇಷ್ಟು ವರ್ಷ ನಾನು ಮಾಡುತ್ತಿದ್ದದ್ದೇನು ಎಂಬ ಯೋಚನೆ ಅಂದಿನಿಂದ ಕಾಡುತ್ತಿದೆ.

ಯಾರಿಗೆ ಯಾವ ಬಣ್ಣ

ನನ್ನ ಕೆಲಸಕ್ಕೆಂದೇ ಒಂದು ಬಣ್ಣ ಮೀಸಲಿದೆ. ಇಪ್ಪತ್ತೆರಡು ವರ್ಷಗಳಿಂದ ಕೆಂಪು ಶಾಯಿಯಲ್ಲಿ ತಿದ್ದುತ್ತಿದ್ದೇನೆ. ಅದರ ಪರಿಣಾಮವೆಂದರೆ, ಕೆಂಪಿನಲ್ಲಿ ಬರೆದ ಯಾವುದೂ ನನಗೆ ಪ್ರೀತಿಯ ಮಾತಾಗಿ ಕಾಣುವುದಿಲ್ಲ. ಒಮ್ಮೆ ನೀಲಿ ಮುಗಿದಿದ್ದ ಹೊತ್ತಿನಲ್ಲಿ ತಮ್ಮನ ಮಗಳಿಗೆ ಹುಟ್ಟುಹಬ್ಬದ ನಾಲ್ಕು ಸಾಲನ್ನು ಕೆಂಪು ಪೆನ್ನಿನಲ್ಲೇ ಬರೆದುಕೊಟ್ಟೆ. ಅವಳು ಓದುವ ಮೊದಲೇ, “ಅತ್ತೆ, ನಾನೇನು ತಪ್ಪು ಮಾಡಿದೆ?” ಎಂದು ಕೇಳಿದಳು. ತಮಾಷೆಗೇ ಕೇಳಿದ್ದು, ಆದರೆ ನಾನು ಆ ಚೀಟಿಯನ್ನು ಹಿಂದಕ್ಕೆ ಪಡೆದು ಮರುದಿನ ನೀಲಿಯಲ್ಲಿ ಬರೆದೆ.

ಹಸಿರು ಅಧಿಕಾರಿಗಳದು. ಚಿಕ್ಕವಳಿದ್ದಾಗ ದೃಢೀಕರಣದ ಸಹಿಗಾಗಿ ಅಪ್ಪಯ್ಯನ ಜೊತೆ ಅಲೆದದ್ದು ನೆನಪಿದೆ. ಗೆಜೆಟೆಡ್ ಅಧಿಕಾರಿಯ ಆ ಹಸಿರು ಗೀಟು ಬಿದ್ದ ಮೇಲಷ್ಟೇ ಅಂಕಪಟ್ಟಿಯ ನಕಲು ನಿಜವಾಗುತ್ತಿತ್ತು. ಅದು ಬರಿಯ ರೂಢಿ ಎಂದುಕೊಂಡಿದ್ದೆ. ಕೇಂದ್ರ ಸರ್ಕಾರದ ಕಚೇರಿ ಕಾರ್ಯವಿಧಾನದ ಕೈಪಿಡಿಯಲ್ಲಿ ಅಕ್ಷರದಲ್ಲೇ ಇದೆ: ಟಿಪ್ಪಣಿ ಬರೆಯುವವರಿಗೆಲ್ಲ ನೀಲಿ ಅಥವಾ ಕಪ್ಪು, ಜಂಟಿ ಕಾರ್ಯದರ್ಶಿ ಮತ್ತು ಅದಕ್ಕಿಂತ ಮೇಲಿನವರು ಮಾತ್ರ ಅಪರೂಪಕ್ಕೆ ಹಸಿರನ್ನೋ ಕೆಂಪನ್ನೋ ಬಳಸಬಹುದು. ಒಂದು ಹನಿ ಬಣ್ಣಕ್ಕೆ ಇಷ್ಟೊಂದು ಶ್ರೇಣಿ.

ನೀಲಿ ಉಳಿದ ನಮಗೆಲ್ಲ. ನಮ್ಮ ಊರಿನ ಶಾಲೆಯ ಎದುರಿನ ಅಂಗಡಿಯಲ್ಲಿ ಫಿಲ್ಲರಿನಿಂದ ಎಳೆದು ಪೆನ್ನಿಗೆ ಮಸಿ ತುಂಬಿಕೊಡುತ್ತಿದ್ದರು, ಒಂದು ಸಲಕ್ಕೆ ಹತ್ತು ಪೈಸೆ. ಯಾವ ಕಂಪನಿಯ ನೀಲಿ ಎಂದು ಕೇಳುವ ಪ್ರಶ್ನೆಯೇ ಇರಲಿಲ್ಲ. ಕ್ಯಾಮೆಲ್ ಬಾಟಲಿಗೆ ಬ್ರಿಲ್ ಸುರಿದು, ಅದಕ್ಕೆ ಅಂಗಡಿಯವರು ತಮ್ಮ ಕಡೆಯಿಂದ ಒಂದಷ್ಟು ಬಾವಿಯ ನೀರನ್ನೂ ಸೇರಿಸುತ್ತಿದ್ದರೆಂದು ನಮ್ಮೆಲ್ಲರ ಗುಮಾನಿ. ವಾರದ ಕೊನೆಗೆ ಅಕ್ಷರ ತೆಳುವಾಗುತ್ತಿತ್ತು, ಸೋಮವಾರ ಮತ್ತೆ ಗಾಢ.

ಕೆಂಪು, ಹಸಿರು, ನೀಲಿ, ಕಪ್ಪು ಎಲ್ಲಕ್ಕೂ ಯಜಮಾನರಿದ್ದಾರೆ. ಕಂದಿಗೆ ಯಾರೂ ಇಲ್ಲ. ಮೊದಲ ಬಾಟಲಿ ಕೊಳ್ಳುವಾಗ ನನಗೆ ಹಿಡಿಸಿದ್ದು ಅದೇ ಎಂದು ನಾನು ನಂಬಿದ್ದೆ. ಕೌಂಟರಿನವರು ‘ಚೊಗರು’ ಎಂದ ಮೇಲೆ ಆ ನಂಬಿಕೆ ಸಡಿಲವಾಯಿತು.

ಹಂಡೆಯೊಳಗಿನ ಬಣ್ಣ

ಈಗ ನಮ್ಮ ಕಡೆ ಅನೇಕರು ಅಡಿಕೆಯನ್ನು ಹಣ್ಣಾಗಲು ಬಿಟ್ಟು, ಒಣಗಿಸಿ, ಚಾಲಿ ಮಾಡುತ್ತಾರೆ. ಸುಲಿಯುವವರು ಸಿಗುವುದಿಲ್ಲ, ಒಲೆಯ ಮುಂದೆ ನಿಲ್ಲುವವರೂ ಇಲ್ಲ. ನನ್ನ ಬಾಲ್ಯದಲ್ಲಿ ಮನೆಯಲ್ಲಿ ಕೆಂಪಡಿಕೆಯೇ. ದೀಪಾವಳಿಯ ಹಿಂದೆಮುಂದೆ ಅಡಿಕೆಯ ಕೊನೆ ಇಳಿಸಿದರೆಂದರೆ ಅಂಗಳದ ಚಪ್ಪರದಲ್ಲಿ ನಡುರಾತ್ರಿಯವರೆಗೆ ಸುಲಿತ, ಬೆಳಗಿನ ಜಾವದಿಂದ ಬೇಯಿಸುವುದು. ತಾಮ್ರದ ದೊಡ್ಡ ಹಂಡೆ, ಅಡಿಯಲ್ಲಿ ಕುಂಟೆಗಳ ಬೆಂಕಿ. ಹಂಡೆಯ ಉಸ್ತುವಾರಿ ಆಯಿಯದು. ಜಾಲರಿ ಸಟ್ಟುಗದಲ್ಲಿ ನಾಲ್ಕು ಅಡಿಕೆ ಎತ್ತಿ, ಕಣ್ಣು ಬಿಟ್ಟಿತೇ ಎಂದು ನೋಡಿ, ಮತ್ತೆ ಮುಳುಗಿಸುವುದು.

ಮೊದಲ ಹಬೆಗೆ ನೀರು ಚಹಾದಷ್ಟೇ ತೆಳು ಇರುತ್ತಿತ್ತು. ಅದೇ ನೀರಿಗೆ ಎರಡನೆಯ ಸಲ, ಮೂರನೆಯ ಸಲ ಹಸಿ ಅಡಿಕೆ ಬಿದ್ದ ಹಾಗೆಲ್ಲ ಅದು ದಪ್ಪವಾಗಿ, ಕೆಂಪಾಗಿ, ಅಂಚಿನಲ್ಲಿ ಗುಳ್ಳೆ ಒಡೆಯುವಾಗ ಸಂಜೆಯ ಬಿಸಿಲಿನ ಹಾಗೆ ಹೊಳೆದು, ನಡುವೆ ಮಾತ್ರ ಕಪ್ಪಾಗಿ ಕಾಣುತ್ತಿತ್ತು. ಅದೇ ಚೊಗರು. ಬೆಂದ ಅಡಿಕೆಗೆ ಹೊಳಪು ಬರುವುದು ಅದರಿಂದ, ಮಂಡಿಯಲ್ಲಿ ದರ ಬರುವುದು ಆ ಹೊಳಪಿನಿಂದ. ಹಂಗಾಮು ಮುಗಿದ ಮೇಲೆ ಉಳಿದದ್ದನ್ನು ಭರಣಿಗೆ ತುಂಬಿ ಮುಂದಿನ ವರ್ಷದ ಹಂಡೆಗೆ ಕಾಯ್ದಿಡುತ್ತಿದ್ದರು. ಹೆಪ್ಪಿಗೆ ಮಜ್ಜಿಗೆ ಉಳಿಸುವ ಹಾಗೆ.

ಐದನೆಯ ತರಗತಿಯ ವರ್ಷ ನನಗೆ ಮಸಿ ತಯಾರಿಸುವ ಹುಚ್ಚು ಹಿಡಿದಿತ್ತು. ಬಸಳೆ ಹಣ್ಣು ಹಿಂಡಿ ಬರೆಯುವುದು ಎಲ್ಲ ಮಕ್ಕಳೂ ಮಾಡುವ ಕೆಲಸ. ಹಾಳೆಗೆ ಬಿದ್ದಾಗ ಏನು ಗುಲಾಬಿ, ಏನು ನೇರಳೆ! ನಾಲ್ಕು ದಿನದ ಬೆಳಕಿಗೆ ಅದು ಮಂಕಾಗಿ, ಯಾರೋ ಬೆವರು ಒರೆಸಿದ ಗುರುತಿನಂತೆ ಉಳಿಯುತ್ತದೆ. ಮುರುಗಲಿನ ಸಿಪ್ಪೆ ನೆನೆಸಿದ ನೀರೂ ಆಯಿತು. ಅದರ ಒಂದು ಹನಿ ಅಜ್ಜನ ಕವಳದ ತಟ್ಟೆಯ ಸುಣ್ಣಕ್ಕೆ ಬಿದ್ದು ಕ್ಷಣದಲ್ಲಿ ಬಣ್ಣ ಬದಲಿಸಿದ್ದನ್ನು ನೋಡಿ ನಾನು ಮಾಟವೆಂದೇ ಭಾವಿಸಿದ್ದೆ. ಅಜ್ಜ ನಕ್ಕು, ತನ್ನ ಅಜ್ಜನ ಕಾಲದಲ್ಲಿ ಅಣಲೆಕಾಯಿಯನ್ನು ಕಬ್ಬಿಣದ ಪಾತ್ರೆಯಲ್ಲಿ ಕುದಿಸಿ ಮಸಿ ಮಾಡುತ್ತಿದ್ದರು ಎಂದಿದ್ದ. ಒಗರು ಇರುವ ಯಾವುದಕ್ಕೆ ಕಬ್ಬಿಣ ತಾಗಿದರೂ ಕಪ್ಪಾಗುತ್ತದೆ, ಸುಲಿಯುವವರ ಕೈ ನೋಡು. ಹೌದು, ಇಡೀ ಹಂಗಾಮು ಅವರ ಬೆರಳುಗಳು ಕಪ್ಪಾಗಿಯೇ ಇರುತ್ತಿದ್ದವು.

ಯುರೋಪಿನವರು ನೂರಾರು ವರ್ಷ ಓಕ್ ಮರದ ಕಾಯಿಗಂಟುಗಳನ್ನು ಅರೆದು, ಕಬ್ಬಿಣದ ಲವಣ ಬೆರೆಸಿ ಬರೆದದ್ದೂ ಇದೇ ಲೆಕ್ಕದಲ್ಲಿ ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಅದರ ಸೊಗಸೆಂದರೆ, ಬರೆಯುವಾಗ ತೆಳುವಾಗಿದ್ದ ಸಾಲು ಗಾಳಿ ತಾಗಿದಂತೆ ಹಾಳೆಯ ಮೇಲೆಯೇ ಕಪ್ಪಾಗುತ್ತಾ ಹೋಗುತ್ತದೆ. ನೀರು ಬಿದ್ದರೂ ಹೋಗುವುದಿಲ್ಲ. ಆಮ್ಲ ಹೆಚ್ಚಾದರೆ ಶತಮಾನದ ಮೇಲೆ ಕಾಗದವನ್ನೇ ತಿಂದು ಅಕ್ಷರದ ಆಕಾರದ ತೂತು ಉಳಿಸುತ್ತದೆ.

ನಾನು ಅಷ್ಟೆಲ್ಲ ಯೋಚಿಸುವ ವಯಸ್ಸಿನವಳಲ್ಲ. ಆಯಿ ಅತ್ತ ಹೋದಾಗ ಒಂದು ಸೌಟು ಚೊಗರನ್ನು ತೆಗೆದು, ಆರಿಸಿ, ಬಟ್ಟೆಯಲ್ಲಿ ಸೋಸಿ ಪೆನ್ನಿಗೆ ತುಂಬಿದೆ. ಮೊದಲ ಅರ್ಧ ಪುಟ ಸ್ವರ್ಗ. ಕೆಂಪೂ ಅಲ್ಲದ ಕಪ್ಪೂ ಅಲ್ಲದ, ತಿರುವಿನಲ್ಲಿ ಗಾಢವಾಗಿ ಎಳೆತದಲ್ಲಿ ತಿಳಿಯಾಗುವ ಆ ಸಾಲು. ನಾನು ಏನು ಬರೆದೆ ಎಂದರೆ ಮಗ್ಗಿ, ಹದಿಮೂರರ ಮಗ್ಗಿ, ಏಕೆಂದರೆ ಬರೆಯಲು ಬೇರೇನೂ ಹೊಳೆಯಲಿಲ್ಲ. ಹದಿಮೂರೇಳಲಿಗೆ ತಲುಪುವ ಹೊತ್ತಿಗೆ ನಿಬ್ಬು ಕಟ್ಟಿತು. ಮರುದಿನ ಬಿಚ್ಚಿದರೆ ಪೆನ್ನಿನ ನಾಲಿಗೆಯ ಸೀಳಿನಲ್ಲಿ ಬೆಲ್ಲದ ಪಾಕದಂಥ ಅಂಟು, ಉಕ್ಕಿನ ನಿಬ್ಬಿನ ಸುತ್ತ ಕರಿ ಗಸಿ. ಅಪ್ಪಯ್ಯ ಬೈಯಲಿಲ್ಲ. ಬಚ್ಚಲಿನ ಬಿಸಿನೀರಿನಲ್ಲಿ ಮೂರು ದಿನ ನೆನೆಸಿಟ್ಟ. ನಾಲ್ಕನೆಯ ದಿನ, “ತಂಗೀ, ಇದು ಇನ್ನು ಬರೆಯುವುದಿಲ್ಲ” ಎಂದು ಅದನ್ನು ತನ್ನ ಮೇಜಿನ ಖಾನೆಗೆ ಹಾಕಿದ. ಎಸೆಯಲಿಲ್ಲ ಎಂಬುದೇ ನನಗೆ ದೊಡ್ಡ ಸಮಾಧಾನವಾಗಿತ್ತು.

ಚಹಾದ ಗಸಿಗೂ ಹೆಸರಿದೆ

ಆಮೇಲೆ ಮೂವತ್ತು ವರ್ಷ ಬಾಲ್ ಪೆನ್ನು. ಆರು ವರ್ಷದ ಹಿಂದೆ ಮತ್ತೆ ಶಾಯಿಪೆನ್ನಿಗೆ ಮರಳಿದಾಗ ಲೋಕವೇ ಬದಲಾಗಿತ್ತು. 1670ರಷ್ಟು ಹಿಂದೆ ಪ್ಯಾರಿಸಿನಲ್ಲಿ ಶುರುವಾದ ಎರ್ಬ್ಯಾಂ ಎಂಬ ಮನೆತನದ ಶಾಯಿಗಳಲ್ಲಿ ಒಂದರ ಹೆಸರು ‘ಲಿ ದ ತೆ’, ಅಂದರೆ ಚಹಾದ ಗಸಿ. ಜಪಾನಿನ ಪೈಲಟ್ ಕಂಪನಿ 2007ರಲ್ಲಿ ಹೊರತಂದ ಸಾಲಿಗೆ ‘ಇರೋಶಿಜುಕು’ ಎಂದು ಹೆಸರಿಟ್ಟಿದ್ದಾರೆ, ಬಣ್ಣ ಮತ್ತು ಹನಿ ಸೇರಿದ ಮಾತು. ಅದರಲ್ಲಿ ಕಾಡು ಚೆಸ್ಟ್‌ನಟ್ ಕಾಯಿಯ ಕಂದು ಒಂದು, ಕಾಡು ದ್ರಾಕ್ಷಿಯ ನೇರಳೆ ಇನ್ನೊಂದು. ಕೋಬೆ ನಗರದ ಒಂದು ಕಾಗದ-ಪೆನ್ನಿನ ಅಂಗಡಿಯವರು ತಮ್ಮ ಊರಿನ ಬೆಟ್ಟ, ಬಂದರು, ಬೀದಿಗಳ ಹೆಸರಿನಲ್ಲೇ ಶಾಯಿ ಮಾಡಿಸುತ್ತಾರೆ. ಮೊದಲನೆಯದು ರೊಕ್ಕೋ ಬೆಟ್ಟದ ಹಸಿರು.

ಇದನ್ನು ಓದಿದ ರಾತ್ರಿ ನಿದ್ದೆ ಬರಲಿಲ್ಲ. ನಮ್ಮಲ್ಲಿ ಬಣ್ಣಗಳಿಗೇನು ಕೊರತೆ? ಮೈಲುತುತ್ತ ಕರಗಿಸಿದ ಪೀಪಾಯಿಯ ನೀಲಿ ಇದೆ. ಕೊಳೆ ರೋಗಕ್ಕೆಂದು ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಸೇರಿಸಿದಾಗ ಆ ಆಳದ ನೀಲಿ ತಟ್ಟನೆ ಹಾಲು ಬೆರೆತಂತೆ ಆಕಾಶದ ಬಣ್ಣಕ್ಕೆ ತಿರುಗುತ್ತದೆಯಲ್ಲ, ಅದಕ್ಕೊಂದು ಬಾಟಲಿ ಬೇಡವೇ? ಅಟ್ಟದ ಮಸಿ, ದೇವಿಮನೆ ಘಟ್ಟದ ಜುಲೈ ಹಸಿರು, ಕಾರವಾರದ ಕಡಲು ಮಳೆಗೆ ಮುಂಚಿನ ದಿನ ತಾಳುವ ಸೀಸದ ಬೂದು. ಹಾಸಿಗೆಯಲ್ಲೇ ಪಟ್ಟಿ ಮಾಡಿದೆ. ಆ ಪಟ್ಟಿಯಲ್ಲಿ ಚೊಗರು ಇರಲಿಲ್ಲ ಎಂಬುದು ಈಗ ನೋಡಿದರೆ ನಂಬಲಾಗುವುದಿಲ್ಲ. ನಿತ್ಯ ಮೂಗಿನ ಮೇಲೇ ಇರುವ ಕನ್ನಡಕವನ್ನು ಮನೆಯೆಲ್ಲ ಹುಡುಕಿದಂತೆ.

ಕಂದು ಶಾಯಿ ಆರಿಸುವುದು ನೀಲಿ ಆರಿಸಿದಷ್ಟು ಸುಲಭವಲ್ಲ. ಮೊಬೈಲಿನ ಪರದೆಯ ಮೇಲೆ ಕೆಂಪಾಗಿ ಕಂಡದ್ದು ಹಾಳೆಯ ಮೇಲೆ ಹಸಿರು ಛಾಯೆಗೆ ತಿರುಗುತ್ತದೆ. ಹಸಿಯಾಗಿದ್ದಾಗ ಒಂದು, ಒಣಗಿದ ಮೇಲೆ ಇನ್ನೊಂದು. ಸಣ್ಣ ನಿಬ್ಬಿನಲ್ಲಿ ಎಲ್ಲ ಕಂದೂ ಒಂದೇ, ಹೆಚ್ಚುಕಡಿಮೆ ಕಪ್ಪು. ಅಗಲದ ನಿಬ್ಬಿನಲ್ಲಿ ಮಾತ್ರ ಅದರ ಗುಣ ಹೊರಬೀಳುತ್ತದೆ. ಒಂದು ಶಾಯಿಯಂತೂ ಬಣ್ಣದಲ್ಲಿ ತೀರ ಹತ್ತಿರ ಬಂದಿತ್ತು, ಆದರೆ ರಾತ್ರಿ ಬೆಳಗಾಗುವುದರಲ್ಲಿ ನಿಬ್ಬಿನ ಮೇಲೆಲ್ಲ ಹರಳು ಕಟ್ಟುತ್ತಿತ್ತು. ದಿನವೂ ಒರೆಸಿ ಒರೆಸಿ ಸಾಕಾಗಿ ಬಿಟ್ಟೆ. ಇನ್ನೊಂದು ಬಾಟಲಿಯಲ್ಲಿ ಎರಡನೆಯ ಮಳೆಗಾಲಕ್ಕೆ ಬೂಷ್ಟು ತೇಲಿತು. ಶಾಯಿ ಎಂದರೆ ಹೆಚ್ಚಿನಂಶ ನೀರೇ ತಾನೇ, ಕೆಡದಂತೆ ಹಾಕುವ ಔಷಧ ಸಾಲದಿದ್ದರೆ ನಮ್ಮ ಹವೆಗೆ ಅದೂ ಉಪ್ಪಿನಕಾಯಿಯ ಪಾಡೇ. ಹಾಗಾದ ಬಾಟಲಿಯಲ್ಲಿ ಸೋಸಿ ಉಳಿಸುವ ಆಸೆ ಪಡಬಾರದು, ಪೆನ್ನಿಗೂ ಅಂಟಿಕೊಳ್ಳುತ್ತದೆ. ಎರಡು ಕಂಪನಿಗಳ ಶಾಯಿ ಬೆರೆಸುವ ಸಾಹಸವನ್ನೂ ಒಮ್ಮೆ ಮಾಡಿದೆ, ಪುಣ್ಯಕ್ಕೆ ಪೆನ್ನಿನಲ್ಲಿ ಅಲ್ಲ, ಔಷಧದ ಖಾಲಿ ಬಾಟಲಿಯಲ್ಲಿ. ಒಂದು ಆಮ್ಲ, ಇನ್ನೊಂದು ಕ್ಷಾರ ಇದ್ದಿರಬೇಕು. ಮಾರನೆಯ ದಿನ ತಳದಲ್ಲಿ ಕೆಸರು.

ಇದನ್ನೆಲ್ಲ ದಾಖಲಿಸಲು ಒಂದು ಹಳೆಯ ಲೆಕ್ಕದ ಪುಸ್ತಕ ಇಟ್ಟಿದ್ದೇನೆ. ಹೆಸರು, ಕಂಪನಿ, ಪೆನ್ನು, ಒಣಗುವ ಸಮಯ, ಷರಾ ಎಂದು ಕಾಲಂ ಎಳೆದು, ಪ್ರತಿ ಶಾಯಿಯಲ್ಲೂ ಒಂದೇ ವಾಕ್ಯ ಬರೆಯುತ್ತೇನೆ. ಮೇಷ್ಟರ ಬುದ್ಧಿ ಎಲ್ಲಿ ಹೋಗುತ್ತದೆ.

ಮಳೆಗಾಲದ ಹಾಳೆ

ಆ ಪುಸ್ತಕದ ‘ಒಣಗುವ ಸಮಯ’ದ ಕಾಲಂ ನೋಡಿದರೆ ಬರೆದ ತಿಂಗಳು ಹೇಳಬಹುದು. ಮಾರ್ಚಿನಲ್ಲಿ ಹನ್ನೆರಡು ಸೆಕೆಂಡು ತೆಗೆದುಕೊಂಡ ಶಾಯಿ ಜುಲೈನಲ್ಲಿ ಐವತ್ತಕ್ಕೂ ಒಣಗುವುದಿಲ್ಲ. ಅದಕ್ಕಿಂತ ಕಷ್ಟ ಹಾಳೆಯದು. ಕಾಗದಕ್ಕೆ ಶಾಯಿ ಹರಡದಿರಲೆಂದು ಕಾರ್ಖಾನೆಯಲ್ಲಿ ಒಂದು ಬಗೆಯ ಗಂಜಿ ಕೊಟ್ಟಿರುತ್ತಾರೆ. ಅಗ್ಗದ ಹಾಳೆಯಲ್ಲಿ ಅದು ಮೊದಲೇ ಕಡಿಮೆ, ಮೇಲಿಂದ ತಿಂಗಳುಗಟ್ಟಲೆ ತೇವ ಹೀರಿ ಹಾಳೆ ಹಪ್ಪಳದ ಹಾಗೆ ಮೆತ್ತಗಾಗಿರುತ್ತದೆ. ಅದರ ಮೇಲೆ ನಿಬ್ಬಿಟ್ಟರೆ ಅಕ್ಷರಕ್ಕೆ ಕಾಲು, ಕೂದಲು, ಬೇರು ಎಲ್ಲ ಹುಟ್ಟುತ್ತವೆ. ಆ ಎರಡು ತಿಂಗಳು ನಾನು ಹಾಳೆಗಳನ್ನು ಅಕ್ಕಿಯ ಡಬ್ಬಿಯ ಪಕ್ಕದಲ್ಲಿ, ಒಲೆಯ ಹಿಂದಿನ ಗೂಡಿನಲ್ಲಿ ಇಡುತ್ತೇನೆ. ಅಡುಗೆಮನೆಯ ಒಗ್ಗರಣೆಯ ವಾಸನೆ ಬರುತ್ತದೆ, ಅಕ್ಷರ ಮಾತ್ರ ಸರಿಯಾಗಿ ನಿಲ್ಲುತ್ತದೆ.

ಎರಡು ವರ್ಷದ ಹಿಂದೆ ಕುಮಟೆಯ ಚಿಕ್ಕಮ್ಮನಿಗೆ ಪತ್ರ ಬರೆದೆ. ಅವಳಿಗೆ ಎಂಬತ್ತರ ಮೇಲಾಗಿದೆ, ಫೋನಿನಲ್ಲಿ ಕಿವಿ ಸರಿಯಾಗಿ ಕೇಳುವುದಿಲ್ಲ, ಪತ್ರವನ್ನಾದರೆ ಮೂರು ಸಲ ಓದುತ್ತಾಳೆ. ಒಳಗಿನ ನಾಲ್ಕು ಪುಟವನ್ನೂ ಕಂದಿನಲ್ಲೇ ಬರೆದು, ಅದೇ ಉತ್ಸಾಹದಲ್ಲಿ ಲಕೋಟೆಯ ವಿಳಾಸವನ್ನೂ ಕಂದಿನಲ್ಲೇ ಬರೆದು ಹಾಕಿದೆ. ಆಗಸ್ಟ್ ತಿಂಗಳು. ವಾರದ ಮೇಲೆ ಅವಳದೇ ಫೋನು. “ನಿನ್ನ ಪತ್ರ ಬಂತು. ಪೋಸ್ಟಿನಲ್ಲಿ ಯಾರೋ ಅದರ ಮೇಲೆ ಚಹಾ ಚೆಲ್ಲಿದ್ದಾರೆ ನೋಡು.” ದೀಪಾವಳಿಗೆ ಹೋದಾಗ ಆ ಲಕೋಟೆ ನೋಡಿದೆ. ಚಿಕ್ಕಮ್ಮನ ಹೆಸರಿನ ಮೊದಲ ಅಕ್ಷರ ಮತ್ತು ಪಿನ್‌ಕೋಡಿನ ಕೊನೆಯ ಎರಡು ಅಂಕಿ ಬಿಟ್ಟರೆ ಉಳಿದದ್ದೆಲ್ಲ ಹರಿದುಹೋಗಿತ್ತು. ಕಂದು ಕಂದಾಗಿ ಹರಿದಿರಲಿಲ್ಲ. ಒಂದು ಅಂಚಿಗೆ ಕಿತ್ತಳೆ, ಇನ್ನೊಂದು ಅಂಚಿಗೆ ನಸುನೀಲಿ. ನಾನು ಒಂದೇ ಬಣ್ಣವೆಂದು ಕೊಂಡದ್ದರೊಳಗೆ ಕೂಡಿಹಾಕಿದ್ದ ಬಣ್ಣಗಳೆಲ್ಲ ಮಳೆಗೆ ಬಿಚ್ಚಿಕೊಂಡು ತಮ್ಮ ತಮ್ಮ ದಾರಿ ಹಿಡಿದಿದ್ದವು. ಇಷ್ಟಾಗಿಯೂ ಪತ್ರ ತಲುಪಿದ್ದು ಅಂಚೆಯವರು ಆ ಕೇರಿಯ ಹಳಬರಾದ್ದರಿಂದ. ಈಗ ವಿಳಾಸವನ್ನು ಬಾಲ್ ಪೆನ್ನಿನಲ್ಲಿ ಬರೆಯುತ್ತೇನೆ, ಬ್ಯಾಂಕಿನ ಚೆಕ್ಕನ್ನೂ. ಕಂದು ನನ್ನ ದಿನಚರಿಗೆ, ಚಿಕ್ಕಮ್ಮನ ಪತ್ರದ ಒಳಪುಟಗಳಿಗೆ.

ಕೌಂಟರಿನಿಂದ ಬಂದ ಸಂಜೆ ಅಪ್ಪಯ್ಯನ ಮೇಜಿನ ಖಾನೆ ತೆಗೆದೆ. ಅವನು ಹೋಗಿ ಒಂಬತ್ತು ವರ್ಷ. ಮೇಜು ಈಗ ನನ್ನ ಮನೆಯಲ್ಲಿದೆ, ಖಾನೆಯನ್ನು ನಾನು ಪೂರ್ತಿ ಖಾಲಿ ಮಾಡಿಯೇ ಇರಲಿಲ್ಲ. ಪೆನ್ನು ಸಿಗಲಿಲ್ಲ. ಸೊಸೈಟಿಯ ಹಳೆಯ ಪಟ್ಟಿಗಳ ಕಟ್ಟಿನಲ್ಲಿ ಮಗ್ಗಿಯ ಅರ್ಧ ಪುಟ ಸಿಕ್ಕಿತು, ಗುಂಡುಸೂಜಿ ಚುಚ್ಚಿ ಇಟ್ಟದ್ದು. ಅವನು ಅದನ್ನು ಏಕೆ ಇಟ್ಟುಕೊಂಡ ಎಂದು ಕೇಳಲು ಈಗ ಯಾರೂ ಇಲ್ಲ. ಹದಿಮೂರೊಂದಲಿಂದ ಹದಿಮೂರೇಳಲಿಯ ಅರ್ಧದವರೆಗೆ ಎಲ್ಲವೂ ಇದೆ, ಆದರೆ ನನ್ನ ನೆನಪಿನ ಬಣ್ಣವಲ್ಲ, ಅದಕ್ಕಿಂತ ಮಂಕು, ಮಣ್ಣಿಗೆ ಹತ್ತಿರ. ತುಕ್ಕು ಹಿಡಿದ ಸೂಜಿ ಹಾದುಹೋದ ಎರಡು ಅಂಕಿಗಳು ಮಾತ್ರ ಕಪ್ಪಾಗಿದ್ದವು, ಅಜ್ಜ ಹೇಳಿದ್ದ ಹಾಗೆಯೇ. ನನ್ನ ಏಳು ಬಾಟಲಿಗಳನ್ನೂ ಪಕ್ಕದಲ್ಲಿಟ್ಟು ನೋಡಿದೆ. ಒಂದೂ ಹೊಂದಲಿಲ್ಲ. ಅಂಗಳದಲ್ಲಿ ಕತ್ತಲಾದ ಮೇಲೂ ಕುಳಿತಿದ್ದೆ.

ಹೊಸ ಅರ್ಜಿಯನ್ನು ನೀಲಿಯಲ್ಲಿ ಬರೆದು ಒಯ್ದಾಗ ಕೌಂಟರಿನವರು ಸಹಿಯನ್ನು ನೋಡಿ ಮುದ್ರೆ ಒತ್ತಿದರು. ನಾನು ಹೊರಡುವಾಗ, “ಆ ಇನ್ನೊಂದು ಪೆನ್ನು ತಂದಿಲ್ಲವೇ?” ಎಂದು ಕೇಳಿದರು. ಅವರ ಮನೆಯಲ್ಲೂ ಬೇಯಿಸುವುದು ನಿಂತು ಹತ್ತು ವರ್ಷವಾಯಿತಂತೆ, ಈಗ ಎಲ್ಲ ಚಾಲಿಯೇ. ತಾಯಿ ತುಂಬಿಟ್ಟ ಒಂದು ಬಾಟಲಿ ಚೊಗರು ಅಟ್ಟದಲ್ಲಿ ಇನ್ನೂ ಇದೆ. “ಪೆನ್ನಿಗೆ ಆಗುವುದಿಲ್ಲ, ಅಲ್ಲವೇ ಅಕ್ಕೋರೆ?”

“ಆಗುವುದಿಲ್ಲ” ಎಂದೆ. ತುಂಬಿ ನೋಡಿದ್ದೇನೆ ಎಂದೂ ಹೇಳಿದೆ. ಹಿಂದೆ ನಿಂತವರು ಕೆಮ್ಮಿದರು.

ಮರುವಾರ ಶಾಲೆಯ ಜವಾನರ ಕೈಯಲ್ಲಿ ಒಂದು ಸಣ್ಣ ಜೇನಿನ ಬಾಟಲಿ ಬಂತು. ಒಳಗಿನದು ಎಷ್ಟು ದಪ್ಪವಾಗಿತ್ತೆಂದರೆ ಓರೆ ಮಾಡಿದರೂ ಜಾಗ ಬಿಡಲಿಲ್ಲ. ಬಣ್ಣವೂ ಬರೀ ಕಪ್ಪು. ಬಿದಿರಿನ ಕಡ್ಡಿಯ ತುದಿಯಲ್ಲಿ ಒಂದಿಷ್ಟು ತೆಗೆದು ಬಸಿಯಲ್ಲಿ ಬಿಸಿನೀರು ಬಿಟ್ಟಾಗ ಅದು ಸುರುಳಿ ಬಿಚ್ಚಿಕೊಂಡು ಕೆಂಪಾಯಿತು. ಕಾಲಂ ಪುಸ್ತಕ ತೆಗೆದೆ. ಹೆಸರು: ಚೊಗರು. ಕಂಪನಿಯ ಜಾಗ ಖಾಲಿ ಬಿಟ್ಟೆ. ಪೆನ್ನು: ಬಿದಿರಿನ ಕಡ್ಡಿ. ಎಂದಿನ ವಾಕ್ಯದ ಬದಲು ಹದಿಮೂರೇಳಲಿಯಿಂದ ಮುಂದಿನ ಮಗ್ಗಿ ಬರೆದೆ. ಒಣಗುವ ಸಮಯ ನೋಡಲು ಗಡಿಯಾರ ಇಟ್ಟುಕೊಂಡು ಕುಳಿತೆ, ಆಮೇಲೆ ಊಟ ಮಾಡಿ ಮಲಗಿದೆ. ಬೆಳಿಗ್ಗೆ ಮುಟ್ಟಿದರೆ ಇನ್ನೂ ಬೆರಳಿಗೆ ಅಂಟುತ್ತಿತ್ತು.